ಚಿಕ್ಕಮಗಳೂರಿನ ಹಳೇ ಬೀದಿಯೊಂದರ ಇತಿಹಾಸನ ದಾಖಲೆಗಳಲ್ಲಿ ಹುಡುಕೋದು ಹೇಗೆ?

ಮಾರ್ಕೆಟ್ ರೋಡ್ ಹತ್ರ ನಿಮ್ಮ ತಾತನ ಮನೆ ಇದ್ದ ಬೀದಿ ಎಷ್ಟು ಹಳೇದು, ಮೊದಲು ಅಲ್ಲಿ ಯಾರ್ ಯಾರು ಇದ್ರು, ಯಾವ ಆಫೀಸಲ್ಲಿ ಕೇಳಿದ್ರೆ ಗೊತ್ತಾಗತ್ತೆ ಅಂತ ಕೇಳಿದೀರಿ. ನಾನೂ ಇದೇ ಊರಿನವನು, ನಮ್ಮ ಬೀದಿ ಹಿಂದೆ ಬಿದ್ದು ನಾಲ್ಕು ವರ್ಷ ಓಡಾಡಿದೀನಿ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದಲನೇದು, ಬೀದಿ ಹೆಸರು ಹಿಡ್ಕೊಂಡು ಹುಡುಕಬೇಡಿ. ನಾನು ಮೊದಲ ಒಂದು ವರ್ಷ ಕಳೆದಿದ್ದೇ ಹಾಗೆ. ಈಗಿನ ಹೆಸರು, ಅಡ್ಡರಸ್ತೆ ನಂಬರು ಎಲ್ಲ ಈಚೆಗೆ ಬಂದಿದ್ದು, ಹಳೇ ಪತ್ರ ಬರೆಯೋರಿಗೆ ಅದು ಬರೀ 'ಬೀದಿ' ಅಥವಾ 'ರಾಜಬೀದಿ' ಅಷ್ಟೇ. ಒಂದು ಮನೆ ಹಿಡ್ಕೊಳ್ಳಿ, ಅದರ ಕ್ರಯಪತ್ರನೋ ಭೋಗ್ಯಪತ್ರನೋ ವಿಭಾಗಪತ್ರನೋ ಯಾವುದಾದ್ರೂ ಒಂದು ಸಿಕ್ರೆ ಸಾಕು, ಅದರಲ್ಲಿ ಚೆಕ್ಕುಬಂದಿ ಅಂತ ಇರತ್ತಲ್ಲ, ನಾಲ್ಕು ದಿಕ್ಕಿಗೆ ಏನೇನಿದೆ ಅಂತ, ಬೀದಿ ಇತಿಹಾಸ ಪೂರ್ತಿ ಅದರೊಳಗೇ ಇರೋದು.

ನಮ್ಮ ಅಜ್ಜಿ ಟ್ರಂಕಲ್ಲಿ ಸಿಕ್ಕಿದ ಅತಿ ಹಳೇ ಪತ್ರ ಒಂದು ಭೋಗ್ಯಪತ್ರ. ಮಡಿಕೆ ಇದ್ದ ಕಡೆಯೆಲ್ಲ ಹರಿದು, ಯಾರೋ ಹಿಂದುಗಡೆಯಿಂದ ಗಂಜಿ ಹಚ್ಚಿ ಬಟ್ಟೆ ಅಂಟಿಸಿದ್ರು. ಪದ ಪದದ ಮಧ್ಯೆ ಜಾಗ ಇಲ್ಲ, ಫುಲ್‌ಸ್ಟಾಪ್ ಇಲ್ಲ, 'ಈ' ಇರೋ ಕಡೆ 'ಯೀ', 'ಉತ್ತರ' ಇರೋ ಕಡೆ 'ವುತ್ತರ'. ಓದೋಕೆ ನನಗೆ ಹದಿನೈದು ದಿನ ಹಿಡೀತು. ಚೆಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಗಾಡಿ ವೋಣಿ, ಪಶ್ಚಿಮಕ್ಕೆ ಸೀನೀರು ಬಾವಿ, ವುತ್ತರಕ್ಕೆ ಗಾಣದ ಮನೆ, ದಕ್ಷಿಣಕ್ಕೆ ರಾಜಬೀದಿ, ಯೀ ಮಧ್ಯೆ ಯಿರುವ ಮೂರು ಅಂಕಣದ ಮನೆ. ನಾನು ಹುಟ್ಟಿ ಬೆಳೆದ ಮನೆ ಪಕ್ಕ ಒಂದು ಬಾವಿ ಇತ್ತು, ಹಿಂದೆ ಎಣ್ಣೆ ಗಾಣ ತಿರುಗ್ತಿತ್ತು ಅಂತ ನನಗೆ ಗೊತ್ತಾಗಿದ್ದೇ ಅವತ್ತು, ನಮ್ಮ ಅಪ್ಪನಿಗೂ ಗೊತ್ತಿರ್ಲಿಲ್ಲ.

ತಾರೀಕಿನ ವಿಷಯ ಸ್ವಲ್ಪ ಹುಷಾರು. ಹಳೇ ಪತ್ರದಲ್ಲಿ ಬಹಳಷ್ಟು ಸಲ ಇಸವಿ ಇರಲ್ಲ, ಸಂವತ್ಸರ, ಮಾಸ, ತಿಥಿ, ವಾರ ಇರತ್ತೆ. ಸಂವತ್ಸರ 60 ವರ್ಷಕ್ಕೊಂದ್ಸಲ ತಿರುಗಿ ಬರತ್ತೆ. ನಮ್ಮ ಪತ್ರದಲ್ಲಿ ಧಾತು ಸಂವತ್ಸರ ಅಂತ ಇತ್ತು, ಅಂದ್ರೆ 1876 ಆಗಬಹುದು, 1936 ಆಗಬಹುದು. ಬರೆದುಕೊಟ್ಟೋರು ನಮ್ಮ ತಾತನ ಅಜ್ಜ, ಅವರು 1936ರಲ್ಲಿ ಇರೋ ಛಾನ್ಸೇ ಇಲ್ಲ, ಹಾಗಾಗಿ 1876 ಅಂತ ಆಯ್ತು. ಆಮೇಲೆ ತಿಥಿಗೂ ವಾರಕ್ಕೂ ಹಳೇ ಪಂಚಾಂಗ ತಾಳೆ ನೋಡಿದ್ವಿ, ಸರಿಯಾಗಿ ಕೂತ್ಕೊಳ್ತು. ಆಗ್ಲೇ ಮೈ ಝುಂ ಅಂದಿದ್ದು, ಯಾಕಂದ್ರೆ ಧಾತು, ಅದರ ಮುಂದಿನ ಈಶ್ವರ, ಈ ಎರಡು ಸಂವತ್ಸರದ ಬರನೇ ನಮ್ಮ ಹಿರಿಯರು 'ಧಾತು ಈಶ್ವರ ಬರ' ಅಂತ ಹೇಳ್ತಿದ್ದಿದ್ದು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಲಿ ಸುಮಾರು 50 ಲಕ್ಷ ಜನ ಇದ್ದಿದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳೀತು. ಅಂಥ ವರ್ಷದಲ್ಲಿ ನಮ್ಮೋರು ಮನೆ ಭೋಗ್ಯಕ್ಕೆ ಹಾಕಿದಾರೆ. ಪತ್ರದಲ್ಲಿ ಕಾರಣ 'ನಮ್ಮ ಸಂಸಾರ ಖರ್ಚಿನ ಬಗ್ಗೆ' ಅಂತ ಒಂದೇ ಸಾಲು. ಆ ಸಾಲು ನಾನು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ.

ಮನೆಲಿ ಪತ್ರ ಇಲ್ಲ ಅಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇ.ಸಿ. (ಆಸ್ತಿ ಮೇಲಿನ ವ್ಯವಹಾರ, ಸಾಲ ಎಲ್ಲ ತೋರಿಸೋ ಋಣಭಾರ ಪತ್ರ) ಸಿಗೋದು 2004ರಿಂದ ಈಚೆಗಿನದು, ಅದಕ್ಕಿಂತ ಹಿಂದಿನದು ಕೈಬರಹದ ರಿಜಿಸ್ಟರ್. ಸ್ಥಿರಾಸ್ತಿ ಪತ್ರಗಳೆಲ್ಲ 1ನೇ ಪುಸ್ತಕದಲ್ಲಿ ಇರತ್ತೆ, ಅದಕ್ಕೆ ಎರಡು ಇಂಡೆಕ್ಸ್, ಒಂದು ಜನರ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿ ಪ್ರಕಾರ. ನಿಮಗೆ ಎರಡನೇದು ಬೇಕು. 'ನಿಮ್ಮದಲ್ಲದ ಆಸ್ತಿ ಪತ್ರ ನಿಮಗ್ಯಾಕೆ' ಅಂತ ಒಂದು ಕಚೇರಿಲಿ ನನ್ನನ್ನ ಎರಡು ಸಲ ವಾಪಸ್ ಕಳಿಸಿದ್ರು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿದ್ರೆ 1ನೇ ಪುಸ್ತಕನ ಯಾರು ಬೇಕಾದ್ರೂ ನೋಡಬಹುದು, ನಕಲೂ ತಗೋಬಹುದು, ಉಯಿಲು ಪತ್ರದ ಪುಸ್ತಕ ಮಾತ್ರ ಹಾಗೆ ಕೊಡಲ್ಲ. ಜಗಳ ಆಡಬೇಡಿ, ಆ ಕಲಂ ನಂಬರ್ ಬರೆದು ಒಂದು ಅರ್ಜಿ ಕೊಡಿ, ಕೆಲಸ ಆಗತ್ತೆ. ಗುಮಾಸ್ತರಲ್ಲಿ ಒಬ್ರಿಗೆ ಆಸಕ್ತಿ ಹುಟ್ಟಿದ್ರೆ ಮುಗೀತು, ಅವರೇ ಹುಡುಕಿ ಇಟ್ಟಿರ್ತಾರೆ, ನನಗೆ ಹಾಗೇ ಆಯ್ತು.

ಆಮೇಲೆ ಮಾಡಬೇಕಾದ್ದು ಜೋಡಿಸೋ ಕೆಲಸ. ನಮ್ಮ ಪತ್ರದಲ್ಲಿ ಉತ್ತರಕ್ಕೆ ಗಾಣದ ಮನೆ ಅಂತ ಇದ್ರೆ ಆ ಗಾಣದ ಮನೆ ಪತ್ರದಲ್ಲಿ ದಕ್ಷಿಣಕ್ಕೆ ನಮ್ಮ ಹಿರಿಯರ ಹೆಸರು ಇರಲೇಬೇಕು. ಇತ್ತು! ಹೀಗೆ ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಗ್ರಾಫ್ ಶೀಟ್ ಮೇಲೆ ಬರೀತಾ ಹೋದೆ, ಹನ್ನೊಂದು ಮನೆ ಕೂತವು. ಎರಡು ಗಾಣ, ಒಂದು ಬಾವಿ, ಒಂದು ಎತ್ತಿನ ಕೊಟ್ಟಿಗೆ. 1931ರ ಪತ್ರದಲ್ಲಿ 'ಗಾಣದ ಮನೆ' ಹೋಗಿ 'ಗಾಣದ ಹಿತ್ತಲು' ಆಗಿದೆ, 1958ರದ್ದರಲ್ಲಿ ಅದೇ ಜಾಗ 'ಕಾಫಿ ಗೋಡೌನ್'. ಪತ್ರ ಬರೆದೋರ ಹೆಸರು ಕೊನೆಗೆ 'ಬಿಕ್ಕಲಂ' ಅಂತ ಇರತ್ತೆ ನೋಡಿ, ಒಂದೇ ಬೀದಿ ಪತ್ರಗಳನ್ನ ಬಹಳಷ್ಟು ಸಲ ಒಬ್ರೇ ಬರೆದಿರ್ತಾರೆ, ಅವರ ಅಕ್ಷರದ ಪರಿಚಯ ಒಂದ್ಸಲ ಆದ್ರೆ ಮುಂದಿನ ಪತ್ರ ಸಲೀಸು.

ಇನ್ನು ಸರ್ಕಾರಿ ದಾಖಲೆ. ಇಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಕ್ಯಾಟಲಾಗಲ್ಲಿ ಚಿಕ್ಕಮಗಳೂರು ಜಿಲ್ಲೆ ಅಂತ ಹುಡುಕೋದು. 1947ರ ತನಕ ನಮ್ಮದು ಕಡೂರು ಜಿಲ್ಲೆ, 1860ರ ದಶಕದಲ್ಲೇ ಜಿಲ್ಲಾ ಕಚೇರಿ ಕಡೂರಿಂದ ಇಲ್ಲಿಗೆ ಬಂದ್ರೂ ಹೆಸರು ಮಾತ್ರ ಕಡೂರು ಅಂತಲೇ ಉಳೀತು. ಬೆಂಗಳೂರಲ್ಲಿ ವಿಕಾಸಸೌಧದಲ್ಲಿರೋ ರಾಜ್ಯ ಪತ್ರಾಗಾರಕ್ಕೆ ಹೋದಾಗ ಮೊದಲ ದಿನ ನನಗೆ ಏನೂ ಸಿಗ್ಲಿಲ್ಲ, ಎರಡನೇ ದಿನ 'ಕಡೂರು' ಅಂತ ಕೇಳಿದ್ದಕ್ಕೆ ಮುನಿಸಿಪಾಲಿಟಿ ಫೈಲುಗಳ ಪಟ್ಟಿನೇ ಬಂತು. ಮೈಸೂರಲ್ಲೂ ವಿಭಾಗೀಯ ಪತ್ರಾಗಾರ ಇದೆ. ಮೈಸೂರು ಸಂಸ್ಥಾನದ ಶಾಸನಗಳನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟ ಬೇಕಾದ್ರೂ ಅಷ್ಟೇ, ನಮ್ಮೂರಿನ ಶಾಸನಗಳು ಇರೋದು 1901ರ 6ನೇ ಸಂಪುಟದಲ್ಲಿ, ಕಡೂರು ಜಿಲ್ಲೆ ಅನ್ನೋ ಹೆಸರಲ್ಲಿ. ಹಾಸನದೋರಿಗೆ ಈ ತೊಂದರೆ ಇಲ್ಲ, ಅವರದ್ದು 5ನೇ ಸಂಪುಟ, ಹೆಸರೂ ಹಾಸನ ಅಂತಲೇ.

ಯಾರೂ ಹೇಳದೇ ಇರೋ ಇನ್ನೊಂದು ಮೂಲ ಮೈಸೂರು ಪ್ರಜಾಪ್ರತಿನಿಧಿ ಸಭೆಯ ವರದಿಗಳು. 1881ರಲ್ಲಿ ಶುರುವಾದ ಸಭೆ ಅದು, ದಸರಾ ಟೈಮಲ್ಲಿ ಮೈಸೂರಲ್ಲಿ ಸೇರ್ತಿತ್ತು, ಪ್ರತಿ ತಾಲ್ಲೂಕಿನೋರು ಹೋಗಿ ರಸ್ತೆ, ಕೆರೆ, ಕುಡಿಯೋ ನೀರು, ಸ್ಕೂಲು ಅಂತ ದಿವಾನರ ಮುಂದೆ ಕೇಳ್ತಿದ್ರು, ಅದನ್ನೆಲ್ಲ ಅಚ್ಚು ಹಾಕಿಸ್ತಿದ್ರು. ನಿಮ್ಮ ಬೀದಿ ಹೆಸರೇ ಬರದೇ ಇರಬಹುದು, ಆದ್ರೆ ಆ ಕಾಲದಲ್ಲಿ ಊರಿಗೆ ಏನು ಬೇಕಾಗಿತ್ತು ಅಂತ ಜನರ ಮಾತಲ್ಲೇ ಗೊತ್ತಾಗತ್ತೆ.

ನಗರಸಭೆಲಿ ಹಳೇ ಅಸೆಸ್‌ಮೆಂಟ್ ರಿಜಿಸ್ಟರ್ (ಮನೆ ಕಂದಾಯದ ಪುಸ್ತಕ) ಕೇಳಿ, ಹಳೇ ಖಾತೆ ನಂಬರು ಹೊಸ ನಂಬರು ಎರಡೂ ಪಕ್ಕಪಕ್ಕ ಇರೋ ಪುಟ ಸಿಕ್ರೆ ಅದನ್ನ ಮೊದಲು ನಕಲು ತಗೊಳ್ಳಿ. ನಮ್ಮ ಮಳೆ ತೇವಕ್ಕೆ ರಿಜಿಸ್ಟರ್‌ಗಳು ಉಳಿಯೋದೇ ಕಷ್ಟ, ನಾನು ನೋಡಿದ ಒಂದರಲ್ಲಿ ನಲವತ್ತು ಪುಟ ಒಂದಕ್ಕೊಂದು ಅಂಟಿ ಹಲಗೆ ಥರ ಆಗಿತ್ತು. ನೋಡಿ ಹೊಟ್ಟೆ ಉರೀತು.

ಅಕ್ಕಪಕ್ಕದ ಮನೆಯವರನ್ನ ಕೇಳೋವಾಗ ಪತ್ರ ಕೊಡಿ ಅನ್ಬೇಡಿ, ಆಸ್ತಿ ತಕರಾರಿಗೆ ಬಂದಿದಾನೆ ಅಂದ್ಕೋತಾರೆ. ಚೆಕ್ಕುಬಂದಿ ಇರೋ ಪುಟ ಅಷ್ಟೇ ಅವರ ಕೈಲೇ ಓದಿಸ್ಕೊಳ್ಳಿ. ನಾನು ಹಾಗೆ ಕೇಳಿದ್ದಕ್ಕೇ ಪಶ್ಚಿಮದ ಮನೆ ಅಜ್ಜಿ 'ಬಾವಿ ಕಲ್ಲು ಬೇಕೇನಪ್ಪ ನಿಂಗೆ, ಬಾ' ಅಂತ ಹಿತ್ತಲಿಗೆ ಕರ್ಕೊಂಡು ಹೋದ್ರು. ಬಟ್ಟೆ ಒಗೆಯೋ ಕಲ್ಲಿನ ಅಂಚಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆ, ಒಟ್ಟು ಆರು, ಒಂದೊಂದ್ರಲ್ಲೂ ಬೆರಳು ಇಟ್ರೆ ಅರ್ಧ ಮುಳುಗತ್ತೆ. ಪತ್ರದಲ್ಲಿದ್ದ ಸೀನೀರು ಬಾವಿ ಕಟ್ಟೆಯ ಕಲ್ಲು ಅದು.

ನಿಮ್ಮ ಹತ್ರ ಯಾವುದಾದ್ರೂ ಹಳೇ ಪತ್ರ ಇದ್ರೆ ಜನರ ಹೆಸರು ಬಿಟ್ಟು ಚೆಕ್ಕುಬಂದಿ, ಸಂವತ್ಸರ, ತಿಥಿ, ವಾರ ಇಷ್ಟು ಟೈಪ್ ಮಾಡಿ ಹಾಕಿ, ಇಸವಿ ಲೆಕ್ಕ ನಾನು ಹಾಕ್ಕೊಡ್ತೀನಿ. ಮಾರ್ಕೆಟ್ ರೋಡ್ ಹತ್ರ ಅಂತೀರಿ, ಗಾಡಿ ಓಣಿ ಅಂತ ಎಲ್ಲಾದ್ರೂ ಬಂದಿದ್ರೆ ಖಂಡಿತ ಹೇಳಿ, ನನ್ನ ಗ್ರಾಫ್ ಶೀಟಲ್ಲಿ ಆ ಓಣಿಯ ಪೂರ್ವದ ಕಡೆ ಇನ್ನೂ ಖಾಲಿ ಇದೆ.