ನೆಟ್‌ವರ್ಕ್ ಸೆಕ್ಯುರಿಟಿ ಸರ್ಟಿಫಿಕೇಟ್ ಇದ್ದರೆ ಐಟಿ ಕೆಲಸ ಸಿಗುತ್ತಾ?

ಸರ್ಟಿಫಿಕೇಟ್ ನಿಮ್ಮನ್ನು ಇಂಟರ್‌ವ್ಯೂ ತನಕ ತಲುಪಿಸಬಹುದು. ಕೆಲಸ ಗಿಟ್ಟಿಸುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಕಾರಣ ಇಷ್ಟೇ. ಬಂದ ಅರ್ಜಿಗಳನ್ನು ಮೊದಲು ಜಾಲಾಡುವುದು ಸಾಮಾನ್ಯವಾಗಿ ಎಚ್‌ಆರ್‌ನವರು ಅಥವಾ ಒಂದು ಸಾಫ್ಟ್‌ವೇರ್. ನಿಮಗೆ ಫೈರ್‌ವಾಲ್ (ನೆಟ್‌ವರ್ಕ್‌ಗೆ ಯಾವ ಡೇಟಾ ಬರಬೇಕು, ಯಾವುದು ಬೇಡ ಎಂದು ತಡೆಯುವ ವ್ಯವಸ್ಥೆ) ಸೆಟ್ ಮಾಡಲು ಬರುತ್ತಾ ಎಂದು ಅವರು ಹೇಗೆ ತಿಳಿಯಬೇಕು? ಅದಕ್ಕೇ ಸೆಕ್ಯುರಿಟಿ ಪ್ಲಸ್, ಸಿಸಿಎನ್‌ಎ ತರಹದ ಗೊತ್ತಿರುವ ಸರ್ಟಿಫಿಕೇಟ್‌ಗಳ ಹೆಸರು ಹುಡುಕುತ್ತಾರೆ. ಅನುಭವ ಇಲ್ಲದ ಹೊಸಬರಿಗೆ ಇದರಿಂದ ಲಾಭ ಜಾಸ್ತಿ. ಹತ್ತು ವರ್ಷ ಕೆಲಸ ಮಾಡಿದವರಿಗೆ ಅಷ್ಟಿಲ್ಲ.

ಇಂಟರ್‌ವ್ಯೂನಲ್ಲಿ ಆಟವೇ ಬೇರೆ. ‘ಸರ್ವರ್‌ನ ಐಪಿ ವಿಳಾಸಕ್ಕೆ ಪಿಂಗ್ ಹೋಗುತ್ತಿದೆ, ವೆಬ್‌ಸೈಟ್ ಮಾತ್ರ ತೆರೆಯುತ್ತಿಲ್ಲ. ಏನು ನೋಡ್ತೀರಿ?’ ಎಂದು ಕೇಳಿದರು ಅಂದುಕೊಳ್ಳಿ. (ಪಿಂಗ್ ಎಂದರೆ ಆ ಕಡೆಯ ಯಂತ್ರ ಉತ್ತರ ಕೊಡುತ್ತಾ ಎಂದು ನೋಡುವ ಪರೀಕ್ಷೆ.) ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರಿಯಾದ ವಿಳಾಸ ಕೊಡುತ್ತಿದೆಯಾ, ಸುರಕ್ಷಿತ ವೆಬ್‌ಸೈಟ್‌ಗಳು ಬಳಸುವ 443ನೇ ಪೋರ್ಟ್ ಅನ್ನು ಫೈರ್‌ವಾಲ್ ತಡೆದಿದೆಯಾ, ಸರ್ವರ್‌ನಲ್ಲಿ ವೆಬ್ ಸೇವೆಯೇ ನಿಂತಿದೆಯಾ ಎಂದು ಒಂದೊಂದಾಗಿ ಹೇಳಬೇಕು. ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದು ಪಾಸಾದವರು ಸಿಕ್ಕಿಬೀಳುವುದು ಇಲ್ಲೇ. ಓದುವಾಗಲೇ ಉಚಿತವಾಗಿ ಸಿಗುವ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ನಿಮ್ಮದೇ ನೆಟ್‌ವರ್ಕ್‌ನ ಡೇಟಾ ಓಡಾಟ ನೋಡಿ. ಆಗ ಇಂಥ ಪ್ರಶ್ನೆಗೆ ತಡವರಿಸುವುದಿಲ್ಲ.

ದೊಡ್ಡ ಹೆಸರು ಅಂತ ಸುಮ್ನೆ ಸಿಐಎಸ್‌ಎಸ್‌ಪಿ ಎಂಬ ಸೆಕ್ಯುರಿಟಿ ಸರ್ಟಿಫಿಕೇಟ್‌ಗೆ ಕೈ ಹಾಕಬೇಡಿ. ಪರೀಕ್ಷೆ ಪಾಸಾದರೂ ಪೂರ್ತಿ ಮಾನ್ಯತೆಗೆ ಸೆಕ್ಯುರಿಟಿ ಕ್ಷೇತ್ರದಲ್ಲಿ 5 ವರ್ಷಗಳ ಕೆಲಸದ ಅನುಭವ ಬೇಕು (ಸಂಬಂಧಿಸಿದ ಡಿಗ್ರಿ ಇದ್ದರೆ 1 ವರ್ಷ ವಿನಾಯಿತಿ ಸಿಗಬಹುದು). ಇನ್ನೊಂದು ಖರ್ಚಿನ ಮಾತು: ಸೆಕ್ಯುರಿಟಿ ಪ್ಲಸ್, ಸಿಸಿಎನ್‌ಎ ಎರಡನ್ನೂ 3 ವರ್ಷಕ್ಕೊಮ್ಮೆ ನವೀಕರಿಸಬೇಕು.