ಓದುಗರ ಪ್ರಶ್ನೆ: ಕುದಿಯುವ ಸಾರಿನ ಸುತ್ತ ಹುಟ್ಟುಹಬ್ಬದ ಊಟ

ಪ್ರಶ್ನೆ: ಕಾಸರಗೋಡಿನ ಕಾಲೇಜಿನಲ್ಲಿ ಜತೆಯಾಗಿ ಕಲಿತ ನಾವು ಐವರು ಗೆಳತಿಯರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಒಬ್ಬಳು ತನ್ನ ಹುಟ್ಟುಹಬ್ಬಕ್ಕೆ ನಮ್ಮೆಲ್ಲರನ್ನೂ ಚೀನೀ ಹಾಟ್‌ಪಾಟ್ ಹೋಟೆಲಿಗೆ ಊಟಕ್ಕೆ ಕರೆದಿದ್ದಾಳೆ. ನಾನು ಸಸ್ಯಾಹಾರಿ. ಎಲ್ಲರೂ ಒಂದೇ ಪಾತ್ರೆಯಲ್ಲಿ ಬೇಯಿಸಿ ತಿನ್ನುವ ಕ್ರಮವೆಂದು ಕೇಳಿ ಮುಜುಗರವಾಗಿದೆ. ಹೋಗದಿದ್ದರೆ ಅವಳಿಗೆ ಬೇಸರವಾದೀತು. ಏನು ಮಾಡಲಿ?
– ಓದುಗರು, ಪೆರ್ಲ

ಉತ್ತರ: ಖಂಡಿತವಾಗಿ ಹೋಗಿ. ಆದರೆ ನಿಮ್ಮ ಆಹಾರಕ್ರಮದ ವಿಚಾರವನ್ನು ಅಲ್ಲಿ ಕುಳಿತ ಮೇಲೆ ಹೇಳದೆ, ಇಂದೇ ಗೆಳತಿಗೆ ಫೋನು ಮಾಡಿ ತಿಳಿಸಿ. ಮೇಜು ಕಾದಿರಿಸುವಾಗಲೇ ಅವಳು ಹೋಟೆಲಿನವರಲ್ಲಿ ವಿಚಾರಿಸಬಹುದು.

ಚೀನೀ ಭಾಷೆಯಲ್ಲಿ ಹಾಟ್‌ಪಾಟಿಗೆ 'ಹುವೊ ಗುವೊ', ಅಂದರೆ ಬೆಂಕಿಯ ಪಾತ್ರೆ ಎಂದು ಹೆಸರು. ಮೇಜಿನ ಮೇಲೆಯೇ ಸಾರು ಕುದಿಯುತ್ತಿರುತ್ತದೆ. ತೆಳ್ಳಗೆ ಹೆಚ್ಚಿದ ಮಾಂಸ, ತರಕಾರಿ, ತೋಫುಗಳನ್ನು ಉಣ್ಣುವವರೇ ಅದರಲ್ಲಿ ಬೇಯಿಸಿಕೊಳ್ಳುತ್ತಾರೆ. ನಡುವೆ ಅಡ್ಡಗೋಡೆಯಿರುವ, ಎರಡು ಬಗೆಯ ಸಾರು ಹಿಡಿಸುವ ಪಾತ್ರೆಯೂ ಉಂಟು. ಅದು ನಿಮಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಇಂತಹದೇ ಒಂದು ಊಟದಲ್ಲಿ ಪಕ್ಕದವರು ಮಾಂಸದ ಚೂರನ್ನು ಅದ್ದಿದ ಇಕ್ಕಳದಿಂದಲೇ ಮಾತಿನ ಭರದಲ್ಲಿ ನನ್ನ ಕಡೆಯ ಅಣಬೆಯನ್ನು ಎತ್ತಿಕೊಟ್ಟಿದ್ದರು. ಅವರದು ಪ್ರೀತಿಯೇ, ಆದರೆ ನನಗೆ ಆಮೇಲೆ ತುತ್ತು ಇಳಿಯಲಿಲ್ಲ. ಆದ್ದರಿಂದ ನಿಮಗೆಂದೇ ಬೇರೆ ಸಣ್ಣ ಪಾತ್ರೆ ಮತ್ತು ಇಕ್ಕಳ ಸಿಗುವುದೇ ಎಂದು ಕೇಳಿಸಿ.

ಸಾರಿನ ಬಗ್ಗೆಯೂ ವಿಚಾರಿಸಲೇಬೇಕು. ಚೀನಾದ ಚೋಂಗ್‌ಚಿಂಗ್ ನಗರದ ಕಡೆಯ ಕೆಂಪು ಖಾರದ ಸಾರನ್ನು ಸಂಪ್ರದಾಯದಂತೆ ದನದ ಕೊಬ್ಬಿನಲ್ಲಿ ಮಾಡುತ್ತಾರೆ. ಟೊಮೆಟೊ ಅಥವಾ ಅಣಬೆಯ ಸಾರೆಂದು ಪಟ್ಟಿಯಲ್ಲಿ ಬರೆದಿದ್ದರೂ ಅದರ ತಳದಲ್ಲಿ ಎಲುಬಿನ ರಸ ಇರಬಹುದು. ನಂಜಿಕೊಳ್ಳುವ ರಸಗಳಲ್ಲಿ ಆಯ್ಸ್ಟರ್ ಸಾಸ್ ಮೃದ್ವಂಗಿಯಿಂದ ಆದದ್ದು. ಎಳ್ಳಿನ ಪೇಸ್ಟು, ಬೆಳ್ಳುಳ್ಳಿ, ಕೊತ್ತಂಬರಿ, ಸೋಯಾ ಸಾಸ್‌ಗಳನ್ನು ಬೆರೆಸಿಕೊಂಡರೆ ನಿಮಗೆ ಸಾಕಷ್ಟು ರುಚಿಯಾಗುತ್ತದೆ. ನಮ್ಮ ಮಳೆಗಾಲದ ಕಣಿಲೆ ಅಲ್ಲಿಯೂ ತಟ್ಟೆಯಲ್ಲಿ ಬರುವುದುಂಟು, ಜತೆಗೆ ತಾವರೆಯ ಗೆಡ್ಡೆಯ ಬಿಲ್ಲೆಗಳೂ. ಗಟ್ಟಿಯಾದವನ್ನು ಮೊದಲು ಹಾಕಿ, ಸೊಪ್ಪನ್ನು ಕೊನೆಗೆ ಅರೆಕ್ಷಣ ಅದ್ದಿ ತೆಗೆಯಿರಿ.

ಚೀನೀಯರಲ್ಲಿ ಹುಟ್ಟುಹಬ್ಬದಂದು ಉದ್ದನೆಯ ನೂಡಲ್ಸ್ ಉಣ್ಣುವ ರೂಢಿಯಿದೆ. ಆ ಉದ್ದ ದೀರ್ಘಾಯುಷ್ಯದ ಸಂಕೇತ. ಕೊನೆಯಲ್ಲಿ ಗೆಳತಿಗಾಗಿ ಅದನ್ನು ತರಿಸಿ, ಕತ್ತರಿಸದೆ ಅವಳ ಬಟ್ಟಲಿಗೆ ನೀವೇ ಬಡಿಸಿ.

ಪ್ರಶ್ನೆ: ಹಾಟ್‌ಪಾಟ್ ಊಟದಲ್ಲಿ ನನ್ನ ನಾಲಗೆ, ತುಟಿಗಳು ಜುಮ್ಮೆಂದು ಮರಗಟ್ಟಿದವು. ಏನಾದರೂ ರಾಸಾಯನಿಕ ಬೆರೆಸಿರಬಹುದೇ?
– ಓದುಗರು, ಮಂಜೇಶ್ವರ

ಉತ್ತರ: ನೀವು ಹೇಳುವ ಲಕ್ಷಣ ಸಿಚುವಾನ್ ಮೆಣಸಿನದು. ಮೆಣಸೆಂದು ಕರೆದರೂ ಅದು ಕರಿಮೆಣಸಿನ ಬಳಗದ್ದಲ್ಲ. ನಮ್ಮ ಪಶ್ಚಿಮ ಘಟ್ಟದ ಜುಮ್ಮನಕಾಯಿ, ಅಂದರೆ ಕೊಂಕಣಿಗರು ಮೀನಿನ ಪದಾರ್ಥಕ್ಕೆ ಹಾಕುವ ತಿರ್ಫಲ್ ಇದೆಯಲ್ಲ, ಅದರದೇ ಕುಲಕ್ಕೆ ಸೇರಿದ ಕಾಯಿಯ ಸಿಪ್ಪೆ. ಅದರಲ್ಲಿರುವ ಸಾನ್ಶೂಲ್ ಎಂಬ ಅಂಶವು ಸ್ಪರ್ಶದ ನರಗಳನ್ನು ಕೆರಳಿಸುತ್ತದೆ. 2013ರಲ್ಲಿ ಪ್ರಕಟವಾದ ಲಂಡನ್ನಿನ ಸಂಶೋಧಕರ ಅಧ್ಯಯನದಂತೆ, ತುಟಿಗೆ ಅದು ಸೆಕೆಂಡಿಗೆ ಸುಮಾರು 50 ಬಾರಿ ಕಂಪಿಸಿದಂತೆ ಅನಿಸುತ್ತದೆ. ಆ ಜೋಮು ತುಸು ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮುಖ ಬಾತರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಅದು ಅಲರ್ಜಿ. ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಖಾರ ತಣಿಸಲು ಚೀನೀಯರು ಹುಳಿಪ್ಲಮ್ಮಿನ ತಂಪು ಪಾನಕ ಕುಡಿಯುತ್ತಾರೆ. ನಮ್ಮ ಪುನರ್ಪುಳಿ ಶರಬತ್ತು ಕುಡಿದು ಬೆಳೆದವರಿಗೆ ಅದು ಬಹಳ ಹಿಡಿಸುತ್ತದೆ.