ಘಾಟಿ ಇಳಿದು ಮಣಿಪಾಲಕ್ಕೆ

ಪ್ರಶ್ನೆ: ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ಮಗಳು ಮಣಿಪಾಲದ ಮೆಡಿಕಲ್ ಕಾಲೇಜಿನ ಅಂಗರಚನಾ ಸಂಗ್ರಹಾಲಯ ನೋಡಲೇಬೇಕೆಂದು ಹಟ ಹಿಡಿದಿದ್ದಾಳೆ. ಮಂಡಿನೋವಿರುವ ಅತ್ತೆಯವರೂ ಬರುತ್ತಾರೆ. ಕಾರು ಓಡಿಸುವವಳು ನಾನೇ. ಆಗುಂಬೆ ಘಾಟಿ ಇಳಿದು ಅಭ್ಯಾಸವಿಲ್ಲ. ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳ ಹಟ ಒಳ್ಳೆಯ ಹಟ ತಂಗಿ, ಖಂಡಿತ ಕರೆದುಕೊಂಡು ಹೋಗಿ. ಜೀವಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನು ಎಷ್ಟೋ ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೇನೆ.

ಮೊದಲು ಘಾಟಿಯ ಮಾತು. ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಇಳಿಯುವಾಗ ಬ್ರೇಕ್ ತುಳಿದೇ ಇರಬೇಡಿ, ಅದು ಕಾದು ಹಿಡಿತ ತಪ್ಪುತ್ತದೆ. ಎರಡನೇ ಗೇರ್‌ನಲ್ಲಿ, ಕಡಿದಾದ ಕಡೆ ಒಂದರಲ್ಲಿ, ಎಂಜಿನ್ನೇ ಕಾರನ್ನು ತಡೆಯಲಿ. ಏರಿ ಬರುವ ವಾಹನಕ್ಕೆ ದಾರಿ ಬಿಡಬೇಕಾದವರು ಇಳಿಯುವವರು. ಮಂಜು ಕವಿದಿದ್ದರೆ ಆಗುಂಬೆಯಲ್ಲೇ ನಿಂತು, ತಿಳಿಯಾದ ಮೇಲೆ ಇಳಿಯಿರಿ. ಸೋಮೇಶ್ವರ ದಾಟಿದ ಮೇಲೆ ಹೆಬ್ರಿ, ಹಿರಿಯಡ್ಕ, ಪರ್ಕಳದ ದಾರಿ ಸಲೀಸು.

ಹೆಬ್ರಿಯಲ್ಲಿ ಅರ್ಧ ಗಂಟೆಯಾದರೂ ಇಳಿದು ಕುಳಿತುಕೊಳ್ಳಿ. ಒಮ್ಮೆ ನಾನು ಅವಸರದಿಂದ ಮಕ್ಕಳನ್ನು ನೇರವಾಗಿ ಒಳಗೆ ಕರೆದುಕೊಂಡು ಹೋಗಿದ್ದೆ. ತಿರುವುಗಳಿಗೆ ಹೊಟ್ಟೆ ತೊಳಸಿದ್ದ ಹುಡುಗನೊಬ್ಬ ಗಾಜಿನ ಭರಣಿಯ ಮುಂದೆ ನಿಂತವನೇ ಬಿಳಿಚಿಕೊಂಡು ಗೋಡೆ ಹಿಡಿದ. ಅವನಿಗೆ ಹೆದರಿಕೆ ಇರಲಿಲ್ಲ, ಘಾಟಿಯ ತಲೆಸುತ್ತು ಇಳಿದಿರಲಿಲ್ಲ, ಅಷ್ಟೇ.

ಇನ್ನು ಕಾರು ನಿಲ್ಲಿಸುವ ವಿಷಯ. ಟೈಗರ್ ಸರ್ಕಲ್ ಸುತ್ತಮುತ್ತ ಕಾಲೇಜೂ ಕಸ್ತೂರ್ಬಾ ಆಸ್ಪತ್ರೆಯೂ ಹತ್ತಿರ ಹತ್ತಿರ ಇವೆ. ನೀವು ಜಾಗ ಹುಡುಕುವ ರಸ್ತೆಯಲ್ಲೇ ದೂರದ ಊರುಗಳಿಂದ ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ಬರುತ್ತವೆ. ‘ಎರಡೇ ನಿಮಿಷ’ ಎಂದು ರಸ್ತೆ ಬದಿಯಲ್ಲಿ ಬಿಟ್ಟ ಕಾರಿನ ಹಿಂದೆ ಒಂದು ಆಂಬುಲೆನ್ಸ್ ಕೂಗುತ್ತ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ತಪ್ಪು ನಿಮ್ಮಿಂದ ಆಗಬಾರದು. ಅತ್ತೆಯವರನ್ನೂ ಮಗಳನ್ನೂ ಸಂಗ್ರಹಾಲಯದ ಹತ್ತಿರ ಇಳಿಸಿ, ಕಾವಲುಗಾರರು ತೋರಿಸಿದ ನಿಲುಗಡೆ ಜಾಗಕ್ಕೆ ಕಾರು ಒಯ್ಯಿರಿ. ದೂರವಾದರೂ ಸರಿ, ನಡೆದು ಬನ್ನಿ. ವಾರದ ದಿನಗಳಲ್ಲಿ ಬೆಳಿಗ್ಗೆ ಹೊರರೋಗಿಗಳ ನೂಕುನುಗ್ಗಲು, ಮಧ್ಯಾಹ್ನ ವಾಸಿ. ಆ ಗದ್ದಲ ಬೇಡವೆನಿಸಿದರೆ ಕಾರನ್ನು ಉಡುಪಿಯಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಬನ್ನಿ, ಐದಾರು ಕಿಲೋಮೀಟರ್ ಅಷ್ಟೇ. ಬಸ್ಸುಗಳು ಒಂದರ ಹಿಂದೊಂದು ಇವೆ. ಹೊರಡುವ ಹಿಂದಿನ ದಿನ ಫೋನ್ ಮಾಡಿ ತೆರೆದಿರುವ ಸಮಯ ಕೇಳಿಕೊಳ್ಳಿ.

ಒಳಗೆ ಮೂರು ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಎಲ್ಲವನ್ನೂ ನೋಡಲು ಹೋಗಬೇಡಿ. ಮಗಳನ್ನು ಕಾಳಿಂಗ ಸರ್ಪದ ಅಸ್ಥಿಪಂಜರದ ಮುಂದೆ ಹತ್ತು ನಿಮಿಷ ನಿಲ್ಲಿಸಿ. ಬೆನ್ನೆಲುಬಿನ ಮಣಿ ಮಣಿಗೂ ಎರಡು ಬದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಪಕ್ಕೆಲುಬುಗಳು. ಬೆಳಿಗ್ಗೆ ನೀವು ದಾಟಿ ಬಂದ ಆಗುಂಬೆಯ ಕಾಡು ಈ ಹಾವಿನದೇ ನೆಲೆ ಎಂದು ನೆನಪಿಸಿ. ಭರಣಿಗಳಲ್ಲಿರುವುದು ಒಂದು ಕಾಲಕ್ಕೆ ನಮ್ಮಂತೆ ಬದುಕಿದ್ದವರ ದೇಹದ ಭಾಗಗಳು, ಅವುಗಳ ಮುಂದೆ ಮೆಲುದನಿಯಲ್ಲಿ ಮಾತನಾಡಲಿ.

ಮೂರು ಗಂಟೆಗೆಲ್ಲ ಹೊರಟುಬಿಡಿ. ಸೂರ್ಯಾಸ್ತದ ಹೊತ್ತಿಗೆ ಆಗುಂಬೆಯ ವೀಕ್ಷಣಾ ಸ್ಥಳದ ಬಳಿ ಕಾರುಗಳು ಸಾಲುಗಟ್ಟುತ್ತವೆ. ಅದಕ್ಕೆ ಮೊದಲೇ ನೀವು ಘಾಟಿ ಏರಿರಬೇಕು.